ಹೊಸದರ ಥರ ಮಾಡಿಕೊಟ್ಟ ಬಂದೂಕು

ನನ್ನ ಅಕ್ಕನ ಗಂಡ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುವ ಕೆಲಸದಲ್ಲಿದ್ದರು. ಕೂರುವ ಕೆಲಸ ಎಂದು ನಾನು ರೇಗಿಸುತ್ತಿದ್ದೆ, ಕಾಯುವ ಕೆಲಸ ಎಂದು ಅವರು ತಿದ್ದುತ್ತಿದ್ದರು. ಇಷ್ಟು ವರ್ಷಗಳಲ್ಲಿ ಭಾವ ಒಂದು ಗುಂಡೂ ಹಾರಿಸಿದವರಲ್ಲ. ಮನೆಯಲ್ಲಿ ಜಿರಳೆ ಕಂಡರೆ ಅಕ್ಕನನ್ನೇ ಕೂಗುವ ಆಸಾಮಿ! ಆದರೆ ಮೀಸೆ ತೀಡಿ, ಇಸ್ತ್ರಿ ಮಾಡಿದ ಖಾಕಿ ತೊಟ್ಟು, ಜೋಡಿ ನಳಿಗೆಯ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರೆಂದರೆ, ಮ್ಯಾನೇಜರ್ ಮೇಲೆ ಹಾರಾಡಲು ಬಂದವರೂ ದನಿ ತಗ್ಗಿಸುತ್ತಿದ್ದರು.

ಕಾವಲಿನವರನ್ನು ಬ್ಯಾಂಕಿಗೆ ಕಳಿಸುವ ಏಜೆನ್ಸಿ ಬಂದೂಕು ಕೊಡುವುದಿಲ್ಲ. ಬಂದೂಕು ಸ್ವಂತದ್ದಿರಬೇಕು, ಲೈಸೆನ್ಸು ಅವರ ಹೆಸರಲ್ಲೇ ಇರಬೇಕು. ಭಾವನ ಬಂದೂಕು ಅವರ ಅಪ್ಪನಿಂದ ಬಂದದ್ದು. "ಸಂಬಳ ಬರೋದು ಇದಕ್ಕೆ, ನಾನು ಇದನ್ನ ಹೊರೋನು ಅಷ್ಟೇ" ಎಂದು ನಗುತ್ತಿದ್ದರು. ನಗೆಯ ಮಾತು ನಿಜವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ವರ್ಷದ ತಪಾಸಣೆಗೆ ಬಂದ ಏಜೆನ್ಸಿಯ ಮೇಲ್ವಿಚಾರಕ ನಳಿಗೆ ಬಗ್ಗಿಸಿ ಮುಚ್ಚಿದಾಗ ಅದು ಬಿಗಿಯಾಗಿ ಕೂರದೆ ಲಟಲಟ ಎಂದಿತು. "ಸರಿ ಮಾಡಿಸ್ಕೊಂಡು ಬನ್ನಿ. ಜಾಗ ಇಟ್ಟಿರ್ತೀನಿ, ಆದರೆ ತುಂಬಾ ದಿನ ಆಗಲ್ಲ," ಎಂದ. ಭಾವ ಅದನ್ನು ಪೇಟೆಯ ಬಂದೂಕಿನ ಅಂಗಡಿಗೆ ಒಯ್ದರು. ಅಂಗಡಿಯ ಯಜಮಾನರು ತಿರುಗಿಸಿ ನೋಡಿ, ಇದು ತಮ್ಮ ಕೈಲಾಗುವ ಕೆಲಸವಲ್ಲ, ತಯಾರಿಸಿದ ಕಂಪನಿಗೇ ಹೋಗಲಿ ಎಂದು ಪೆಟ್ಟಿಗೆಗೆ ಹಾಕಿ ಕಳಿಸಿದರು.

ಆಮೇಲೆ ಶುರುವಾಯಿತು ಫೋನಿನ ಪುರಾಣ. ನಾನು ಹೊಲಿಗೆ ಅಂಗಡಿಯವಳು, ಬಾಯಿ ಜೋರು. ಅದಕ್ಕೇ ಬಂದೂಕು ಯಾವಾಗ ಬರುತ್ತದೆಂದು ಕಂಪನಿಗೆ ಕೇಳುವ ಕೆಲಸ ನನಗೆ ಬಿತ್ತು. "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಒಂದು ದನಿ, ಅದರ ಹಿಂದೆ ಪೀಪಿ ಸಂಗೀತ. ಅಮೂಲ್ಯ ಎಂದವರು ಯಾಕೆ ಎತ್ತುವುದಿಲ್ಲವೋ ನನಗಂತೂ ತಿಳಿಯಲಿಲ್ಲ. ನಾನು ತೋಳಿಗೆ ಕೈಹೊಲಿಗೆ ಹಾಕುತ್ತ, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಆ ಸಂಗೀತ ಬಾಯಿಪಾಠ ಮಾಡಿದೆ.

ಕೊನೆಗೆ ರಿಪೇರಿ ವಿಭಾಗದಿಂದಲೇ ಒಬ್ಬ ಫೋನು ಮಾಡಿದ. ಭಾವ ಕುರ್ಚಿಯಿಂದ ಎದ್ದು ನಿಂತು ಮಾತಾಡಿದರು. "ನಿಮ್ಮ ಪುಣ್ಯ ಸ್ವಾಮಿ, ಅದೇ ನಮ್ಮ ಅನ್ನ. ಹೊಸದರ ಥರ ಮಾಡ್ಕೊಡಿ," ಎಂದರು. ಚಪ್ಪಲಿ ಹೊಲಿಯುವವನಿಗೂ ಸೈಕಲ್ ಅಂಗಡಿಯವನಿಗೂ ನಾವೆಲ್ಲ ಹೇಳುವ ಮಾತೇ. ನನ್ನ ಗಿರಾಕಿಗಳು ಹರಿದ ಜಂಪರು ತಂದು ದಿನಾ ಹೇಳುತ್ತಾರೆ. ನಾನು ತೇಪೆ ಹಾಕಿ ಕಳಿಸುತ್ತೇನೆ, ಅವರು ಖುಷಿಯಾಗಿ ಹೋಗುತ್ತಾರೆ.

ಕಂಪನಿಯವರು ಆ ಮಾತನ್ನು ನಡೆಸಿಯೇಬಿಟ್ಟರು.

ಬಂದೂಕು ಬಂದ ದಿನ ಅಂಗಡಿಗೆ ನಾನೂ ಹೋಗಿದ್ದೆ. ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಯಜಮಾನರು ಮುಚ್ಚಿದರೆ ಟಕ್ ಎಂದು ಕಚ್ಚಿಕೊಂಡಿತು. ಭಾವನ ಕಣ್ಣು ತುಂಬಿತು. "ಅಪ್ಪ ತಂದಾಗ ಹೀಗೇ ಇತ್ತು," ಎಂದು ಕೈ ಚಾಚಿದರು. ಯಜಮಾನರು ಕೊಡಲಿಲ್ಲ. ಕನ್ನಡಕ ಏರಿಸಿ ಬಂದೂಕಿನ ನಂಬರು ನೋಡಿದರು, ಲೈಸೆನ್ಸು ನೋಡಿದರು, ಮತ್ತೆ ಬಂದೂಕು ನೋಡಿದರು.

"ನಳಿಗೆ ಕೂರೋ ಒಡಲು ಬಿರುಕು ಬಿಟ್ಟಿತ್ತಂತೆ. ಪಾಪ ಅಂತ ಬಿಟ್ಟಿಯಾಗಿ ಹೊಸ ಒಡಲು ಹಾಕಿದ್ದಾರೆ. ನಂಬರು ಇರೋದೇ ಒಡಲ ಮೇಲೆ. ಇದು ಈಗ ಬೇರೆ ಬಂದೂಕು. ನಾನು ಕೊಟ್ಟರೆ ನಾನೂ ಒಳಗೆ, ನೀವೂ ಒಳಗೆ."

ಭಾವ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಿದ್ದರು. ನನಗೆ ಅಲ್ಲೇ ಅಳು ಬಂತು, ಆಮೇಲೆ ಸಿಟ್ಟು ಬಂತು.

ಕಂಪನಿಗೆ ಫೋನು ಮಾಡಿ ಹಳೆ ಒಡಲು ವಾಪಸು ಕಳಿಸಿ ಎಂದು ಕೂಗಿದೆ. "ಅದನ್ನ ಕತ್ತರಿಸಿ ಹಾಕಿದ್ದೀವಿ ಮೇಡಂ, ನಿಯಮ," ಎಂದರು. ಹಾಗಾದರೆ ಹಳೆಯದು ಹೋಯಿತು, ಇದು ಅದರ ಬದಲು ಎಂದು ಬರೆದುಕೊಡಿ ಎಂದೆ. "ನಾವು ರಿಪೇರಿ ವಿಭಾಗ ಮೇಡಂ. ರಿಪೇರಿ ಆಯ್ತು ಅಂತ ಮಾತ್ರ ಬರೆಯೋಕಾಗೋದು."

ಲೈಸೆನ್ಸು ಕಚೇರಿಯಲ್ಲಿ ಗುಮಾಸ್ತರು ಒಳ್ಳೆಯವರೇ, ಕುರ್ಚಿ ಕೊಟ್ಟರು. "ಹಳೇ ಬಂದೂಕು ತಂದು ತೋರಿಸಿ, ಹೊಸದನ್ನ ಸೇರಿಸೋಣ," ಎಂದರು.

"ಅದು ಈಗ ಇಲ್ಲ ಸಾರ್," ಎಂದರು ಭಾವ.

"ಕಳ್ಕೊಂಡಿದ್ದೀರಾ? ಕೇಸಾಗುತ್ತೆ ಮತ್ತೆ."

"ಕಳೆದಿಲ್ಲ ಸಾರ್. ರಿಪೇರಿ ಆಗಿದೆ."

ಗುಮಾಸ್ತರು ತಲೆ ಕೆರೆದುಕೊಂಡರು. "ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ರಿಪೇರಿಯಾಗಿ ಇಲ್ಲದೇ ಹೋಗಿರೋ ಬಂದೂಕಿಗೆ ನಮ್ಮಲ್ಲಿ ದಾರಿನೇ ಇಲ್ಲ. ಮೇಲಿನವರಿಗೆ ಬರೆದು ಕೇಳ್ತೀನಿ," ಎಂದರು. ಮೇಲಿನವರು ಇನ್ನೂ ಮೇಲಿನವರಿಗೆ ಬರೆದರು. ಮೇಲೆ ಎಂಬುದಕ್ಕೆ ಕೊನೆ ಎಲ್ಲಿದೆ? ಜಗಳವಾಡೋಣವೆಂದರೆ ಎದುರಿಗೆ ಕೆಟ್ಟವರೊಬ್ಬರೂ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು.

ಬಂದೂಕು ಪೇಟೆಯ ಅಂಗಡಿಯಲ್ಲೇ ಉಳಿಯಿತು. ಅಷ್ಟರಲ್ಲಿ ಬ್ಯಾಂಕಿನ ಬಾಗಿಲಲ್ಲಿ ಬೇರೆಯವನು ಕೂತ. ಮೇಲ್ವಿಚಾರಕ ಮನೆಗೇ ಬಂದು ತಿಳಿಸಿದ, ಕೊಟ್ಟ ಕಾಫಿ ಕುಡಿಯಲಾರದೆ ಅರ್ಧ ಬಿಟ್ಟು ಎದ್ದ. ಭಾವನೇ ಅವನಿಗೆ ಸಮಾಧಾನ ಹೇಳಿ ಬಾಗಿಲವರೆಗೆ ಬಿಟ್ಟು ಬಂದರು. ಅಕ್ಕ ಖಾಕಿ ಬಟ್ಟೆ ಒಗೆದು ಟ್ರಂಕಿಗೆ ಹಾಕಿದಳು. ಆವತ್ತಿನಿಂದ ಭಾವ ಮೀಸೆ ತೀಡುವುದನ್ನೂ ಬಿಟ್ಟರು. ನನ್ನ ಅಂಗಡಿಗೆ ಬಂದು ಗುಂಡಿ ಹಚ್ಚಿಕೊಡುತ್ತಾ ಕೂರುತ್ತಾರೆ. ಚೆನ್ನಾಗಿಯೇ ಹಚ್ಚುತ್ತಾರೆ. ರೇಗಿಸಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ಹೀಗೇ ಕೂತಿದ್ದಾಗ ಅವರ ಫೋನು ಬಡಿದುಕೊಂಡಿತು. ಕಂಪನಿಯ ಹುಡುಗಿ. ಭಾವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ನಿಂತರು. ನಾನು ಯಂತ್ರ ನಿಲ್ಲಿಸಿದೆ, ಆ ಕಡೆಯ ಮಾತೂ ಕೇಳುತ್ತಿತ್ತು.

"ನಮ್ಮ ರಿಪೇರಿ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಾ ಸರ್?"

ನಾನು ಕೈ ಚಾಚಿದೆ, ನನಗೆ ಕೊಡಿ ಎಂದೆ. ಭಾವ ಬೆನ್ನು ತಿರುಗಿಸಿದರು.

"ಕೆಲಸ ಚೆನ್ನಾಗಿದೆಯಮ್ಮ. ಐದು ಹಾಕ್ಕೊಳಿ."

"ಥ್ಯಾಂಕ್ಯೂ ಸರ್. ಬಂದೂಕು ಈಗ ಸರಿಯಾಗಿ ಕೆಲಸ ಮಾಡ್ತಿದೆಯಾ?"

ಭಾವ ನನ್ನ ಕಡೆ ನೋಡಿದರು. ಹೇಳಿ, ಎಂದೆ.

"ಗೊತ್ತಿಲ್ಲಮ್ಮ," ಎಂದರು. "ನಾನಿನ್ನೂ ಮುಟ್ಟಿಲ್ಲ."