ಮಾಂಬಳ್ಳಿಯ ಚಾಕಲೇಟು ಮರ

ಮಾಂಬಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಾ ಎಳನೀರಿನ ಅಂಗಡಿಯಲ್ಲಿ ಕೂತಿದ್ದೇನೆ. ಹಿಂದಿನ ತೆಂಗಿನ ತೋಟದ ನೆರಳಲ್ಲಿ ಒಂದು ಕುಳ್ಳ ಮರವಿದೆ. ಕೊಂಬೆಯಲ್ಲಲ್ಲ, ಕಾಂಡಕ್ಕೇ ಹಳದಿ ಹಣ್ಣುಗಳು ಅಂಟಿಕೊಂಡಿವೆ.

"ಕೋಕೋ ಕಣವ್ವಾ. ಚಾಕ್ಲೇಟ್ ಮಾಡೋದು ಇದ್ರ ಬೀಜದಲ್ಲೇಯ," ಎಂದಳು ಅಂಗಡಿಯಾಕೆ.

ನಾಚುತ್ತಲೇ ಕೇಳಿದೆ: "ಮೊಟ್ಟೆ ಆಕಿ ಮಾಡ್ತಾರಲ್ವಾ?"

"ಅಯ್ಯೋ, ಮೊಟ್ಟೆ ಮರದಲ್ಲಿ ಬುಡ್ತದಾ?" ಎಂದು ನಕ್ಕು, ಒಂದು ಹಣ್ಣು ಒಡೆದು ಕೊಟ್ಟಳು. ಬಿಳಿ ತಿರುಳು ಸಿಹಿ, ಒಳಗಿನ ಬೀಜ ಕಹಿ.

ಪುಟ್ಟಿ, ಹೋದ ಸೋಮವಾರ ನೀನು ದೇವರ ಮುಂದಿಟ್ಟ ಚಾಕಲೇಟನ್ನು ಮೊಟ್ಟೆಯದೆಂದು ಬೈದು ತಿಪ್ಪೆಗೆ ಎಸೆದವಳು ನಿನ್ನವ್ವ ನಾನೇ. ನೀನು ಅಳುತ್ತಲೇ ಮಲಗಿದ್ದೆ. ಬಸ್ಸು ಬರುವ ಮೊದಲೇ ನಿನಗೆ ಈ ಕಾಗದ ಬರೆಯುತ್ತಿದ್ದೇನೆ. ಇನ್ನೊಂದು ಹಣ್ಣನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಅದನ್ನು ದೇವರ ಮುಂದೆ ನೀನೇ ಇಡು. ಗಂಟೆ ನಾನು ಬಾರಿಸುತ್ತೇನೆ.