ಕಾಕಾ ಎಸೆದ ಟವೆಲ್

ನನಗೆ ಬಾಕ್ಸಿಂಗ್ ಕಲಿಸಿದವರು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅವರನ್ನು ನಾನು ಕಾಕಾ ಅಂತಿದ್ದೆ. ರಕ್ತಸಂಬಂಧ ಏನಿಲ್ಲ. ನಮ್ಮಪ್ಪನ ಹಾಗೆ ಅವರೂ ಬೀದರ ಕಡೆಯವರು, ಅಷ್ಟೇ. ಹರೆಯದಲ್ಲಿ ಮಿಲಿಟರಿ ಸೇರಿ, ಅಲ್ಲಿ ತಮ್ಮ ಪಲ್ಟನ್ನಿನ ಪರವಾಗಿ ಬಾಕ್ಸಿಂಗ್ ಆಡಿ, ನಿವೃತ್ತರಾದ ಮೇಲೆ ಹೈದರಾಬಾದಿಗೆ ಬಂದು ಕೆಲಸ ಹಿಡಿದಿದ್ದರು. ಅಪ್ಪನಿಗೆ ಅಲ್ಲೇ ಹತ್ತಿರದ ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ, ನಮ್ಮ ವಾಸ ಅದರ ಕ್ವಾರ್ಟರ್ಸಿನಲ್ಲಿ. ಕ್ವಾರ್ಟರ್ಸಿನ ಕ್ಲಬ್ಬಿನ ಹಿಂದೆ ಮುರಿದ ಕುರ್ಚಿ ತುಂಬಿಟ್ಟಿದ್ದ ಒಂದು ತಗಡಿನ ಶೆಡ್ಡಿತ್ತು. ಅದರಲ್ಲಿ ಅರ್ಧ ಖಾಲಿ ಮಾಡಿಸಿಕೊಂಡು, ತಮ್ಮ ಶಿಫ್ಟಿಗೆ ಮುಂಚೆ, ಬೆಳಿಗ್ಗೆ ಐದೂವರೆಯಿಂದ ಏಳರ ತನಕ ಕಾಕಾ ಮಕ್ಕಳಿಗೆ ಕಲಿಸುತ್ತಿದ್ದರು.

ಅಪ್ಪ ಕಳಿಸಿದ್ದು ನಮ್ಮಣ್ಣನನ್ನು. ಅವನನ್ನು ಎಬ್ಬಿಸಿ ಕರೆದುಕೊಂಡು ಹೋಗುವ ಕೆಲಸ ಮಾತ್ರ ನನ್ನದು. ಎಂಟೇ ದಿನಕ್ಕೆ ಅವನಿಗೆ ಸಾಕಾಯಿತು. ಒಂಬತ್ತನೇ ದಿನ ನಾನೊಬ್ಬಳೇ ಹೋಗಿ ಬಾಗಿಲಲ್ಲಿ ನಿಂತೆ. ಆಗ ನನಗೆ ಹನ್ನೆರಡು ವರ್ಷ. ಕಾಕಾ ಒಂದು ಗಳಿಗೆ ನೋಡಿ, "ನಿಂದರಾಕ ಬರ್ತೈತೇನು?" ಅಂದರು.

"ನಿಂತೇ ಅದೀನಲ್ರಿ," ಅಂದೆ.

"ಇದಕ್ಕ ನಿಂದರೂದು ಅನ್ನಾಂಗಿಲ್ಲ. ಬಾ ಒಳಗ."

ಮೂರು ತಿಂಗಳು ಬರೀ ನಿಲ್ಲುವುದನ್ನೇ ಕಲಿಸಿದರು. ಎಡಗಾಲು ಮುಂದೆ, ಬಲ ಹಿಮ್ಮಡಿ ಒಂದಿಷ್ಟು ಮೇಲೆ, ಗದ್ದ ಕೆಳಗೆ. ಹಿಂದಿನಿಂದ ಬಂದು ಸುಮ್ಮನೆ ಭುಜ ತಳ್ಳುತ್ತಿದ್ದರು. ಹೆಜ್ಜೆ ಕದಲಿದರೆ ಮತ್ತೆ ಮೊದಲಿಂದ. ಗ್ಲೋವ್ಸ್ ಕೈಗೆ ಕೊಟ್ಟದ್ದು ಆಮೇಲೆ. ಕೈಗೆ ಸುತ್ತುವ ಪಟ್ಟಿಯನ್ನು ನಾನೇ ಒಗೆಯಬೇಕು, ಅವ್ವನ ಕೈಗೆ ಕೊಡುವ ಹಾಗಿರಲಿಲ್ಲ. ಪಂದ್ಯ ಮುಗಿದ ಮೇಲೆ ಎದುರಾಳಿಯ ಪಕ್ಕ ಹೋಗಿ ಐದು ನಿಮಿಷ ಕೂತು, ಅವಳ ಊರು ಯಾವುದು, ಏನು ಓದುತ್ತಾಳೆ ಅಂತ ಕೇಳಿ ಬರಬೇಕು. ಇದೆಲ್ಲ ಯಾಕೆ ಅಂತ ಅವರು ಯಾವತ್ತೂ ಹೇಳಲಿಲ್ಲ. ಹೇಳಿದ್ದನ್ನು ಮಾಡಿದರೆ ತಾನೇ ತಿಳಿಯುತ್ತದೆ ಅನ್ನುವ ಮನುಷ್ಯ. ತಿಳಿಯುತ್ತಲೂ ಇತ್ತು. ಹಾಗಾಗಿ ನಾನೂ ಕೇಳುವುದನ್ನು ಬಿಟ್ಟಿದ್ದೆ.

ಅಪ್ಪ ಮಾತ್ರ ಒಂದು ಷರತ್ತು ಹಾಕಿದ್ದರು. "ಹೆಣ್ಣಹುಡುಗಿ. ಮುಖಕ್ಕ ಏನಾರ ಆತಂದ್ರ ಅವತ್ತೇ ಬಂದ್." ಆ ಮಾತು ಕಾಕಾನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹತ್ತೊಂಬತ್ತಕ್ಕೆ ರಾಜ್ಯ ಮಟ್ಟದ ಸೆಮಿಫೈನಲ್ ಮುಟ್ಟಿದೆ. ಎದುರಿಗಿದ್ದ ಹುಡುಗಿ ನನಗಿಂತ ಎತ್ತರ, ಆದರೆ ಎರಡು ಸುತ್ತು ಮುಗಿಯುವಷ್ಟರಲ್ಲಿ ಅವಳಿಗೆ ಏದುಸಿರು ಹತ್ತಿತ್ತು. ನಾನು ಮುಂದಿದ್ದೆ. ಮೂರನೇ ಸುತ್ತಿನಲ್ಲಿ ಎಡಗಡೆಯಿಂದ ಎರಡು ಪೆಟ್ಟು ಬಿದ್ದವು. ಬಿದ್ದರೂ ನಾನು ಕದಲಲಿಲ್ಲ, ಮುಂದಕ್ಕೇ ನುಗ್ಗಿದೆ. ಅಷ್ಟರಲ್ಲಿ ನನ್ನ ಕಾಲ ಹತ್ತಿರ ಏನೋ ಬಂದು ಬಿತ್ತು. ನಮ್ಮದೇ ಬಿಳಿ ಟವೆಲ್. ಕಾಕಾ ಎಸೆದಿದ್ದರು. ತರಬೇತುದಾರ ಟವೆಲ್ ಎಸೆದರೆ ಪಂದ್ಯ ಅಲ್ಲಿಗೆ ಮುಗಿಯಿತು, ಅವನ ಆಟಗಾರ ಸೋತ ಹಾಗೆ. ರೆಫರಿ ಬಂದು ನನ್ನ ಎರಡೂ ಕೈ ಹಿಡಿದರು. ಎದುರಿನ ಹುಡುಗಿ ತಾನು ಗೆದ್ದದ್ದು ಗೊತ್ತಾಗದೆ ತನ್ನ ಕೋಚಿನ ಮುಖ ನೋಡುತ್ತಿದ್ದಳು.

ಕೆಳಗೆ ಇಳಿದವಳೇ ಕೂಗಿದೆ. "ಯಾಕ್ರಿ ಕಾಕಾ? ನಾ ಗೆಲ್ಲಾಕತ್ತಿದ್ನಿ!"

"ಹೌದು. ಗೆಲ್ಲಾಕತ್ತಿದ್ದಿ," ಅಂದರು. ಹಾಗೇ ನನ್ನ ಗ್ಲೋವ್ಸಿನ ದಾರ ಬಿಚ್ಚತೊಡಗಿದರು.

"ಮತ್ತ?"

"ಮುಂದಿನ ವರ್ಷ ಐತಲ್ಲ. ಮನಿಗಿ ನಡಿ ಮೊದಲ. ಆಮ್ಯಾಲ ಮಾತಾಡೂಣು."

ಸುತ್ತ ಜನ ಇದ್ದರು, ಬೇರೆ ಜಿಲ್ಲೆಯ ಕೋಚುಗಳಿದ್ದರು. ಅವರೆಲ್ಲ ಕೇಳುವ ಹಾಗೆ ನಾನು ಅಂದೆ, "ನಿಮಗ ಅಂಜಿಕಿ. ದೊಡ್ಡ ಮ್ಯಾಚ್ ಅಂದ್ರ ಏನು ಅಂತ ನಿಮಗ ಗೊತ್ತಿಲ್ಲ. ಫಿಟ್ಟರ್ ನೀವು, ಹೋಗಿ ನಟ್ಟು ಬೋಲ್ಟು ಬಿಗೀರಿ."

ಕಾಕಾ ತಲೆ ಎತ್ತಲಿಲ್ಲ. ಎರಡನೇ ಗ್ಲೋವಿನ ದಾರವನ್ನೂ ಪೂರ್ತಿ ಬಿಚ್ಚಿ, ಎರಡನ್ನೂ ಚೀಲಕ್ಕೆ ಹಾಕಿ, ನೀರಿನ ಬಾಟ್ಲಿ ನನ್ನ ಪಕ್ಕ ಇಟ್ಟು ಹೋದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಅದನ್ನು ಬಿಟ್ಟರೆ ಈ ಕಥೆ ಹೇಳಿ ಪ್ರಯೋಜನವಿಲ್ಲ. ಆ ಪಂದ್ಯಕ್ಕೆ ಎರಡು ತಿಂಗಳ ಮೊದಲಿಂದಲೇ ನನ್ನ ಎಡಗಣ್ಣಿನ ಮುಂದೆ ಕರಿ ಚುಕ್ಕೆಗಳು ಹಾರಾಡುತ್ತಿದ್ದವು. ಕತ್ತಲೆಯಲ್ಲಿ ತಲೆ ತಿರುಗಿಸಿದರೆ ಕಣ್ಣಂಚಿನಲ್ಲಿ ಫಳಕ್ ಅಂತ ಒಂದು ಬೆಳಕು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಪ್ಪನ ಷರತ್ತು ಇತ್ತಲ್ಲ. ಪಂದ್ಯಕ್ಕೆ ಮುಂಚೆ ಪರೀಕ್ಷೆ ಮಾಡುವ ಡಾಕ್ಟರು ಬೆರಳು ಆಡಿಸಿ, ಕಾಣುತ್ತದಾ ಅಂತ ಕೇಳುತ್ತಿದ್ದರು. ಕಾಣುತ್ತದೆ ಅನ್ನುತ್ತಿದ್ದೆ. ಅವತ್ತು ಕಾಕಾನ ಮೇಲೆ ನನಗೆ ಬಂದ ಸಿಟ್ಟು ಸೋತದ್ದಕ್ಕೆ ಅಂತ ಎಲ್ಲರೂ ತಿಳಿದರು. ಅವರು ಏನನ್ನೋ ಕಂಡುಬಿಟ್ಟಿದ್ದಾರೆ ಅನ್ನುವ ಹೆದರಿಕೆಯೇ ಹಾಗೆ ಸಿಟ್ಟಾಗಿ ಹೊರಬಂತು ಅಂತ ಗೊತ್ತಿದ್ದವಳು ನಾನೊಬ್ಬಳೇ.

ಮರುದಿನ ಶೆಡ್ಡಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಹದಿನೈದು ದಿನದಲ್ಲಿ ಕೊಂಡಾಪುರದ ಒಂದು ಅಕಾಡೆಮಿಗೆ ಸೇರಿದೆ. ಅಲ್ಲಿನ ತರಬೇತುದಾರರನ್ನು ಎಲ್ಲರೂ ಸರ್ ಅಂತಿದ್ದರು. ತೆಲುಗಿನವರು, ನನ್ನ ಜೊತೆ ಹಿಂದಿಯಲ್ಲಿ ಮಾತು. ಮೊದಲ ದಿನವೇ ಫಾರ್ಮ್ ತುಂಬಿಸಿಕೊಳ್ಳುತ್ತಾ, ಹಳೆ ಪೆಟ್ಟು ಏನಾದರೂ ಇದೆಯಾ, ಕೈ, ಕಾಲು, ಕಣ್ಣು, ಕಿವಿ ಅಂತ ಒಂದೊಂದಾಗಿ ಕೇಳಿದರು. ಏನೂ ಇಲ್ಲ ಸರ್ ಅಂದೆ. ಕಣ್ಣು ಅನ್ನುವ ಕಾಲಂ ಮುಂದೆ ನಾನೇ ನನ್ನ ಕೈಯಿಂದ 'ಇಲ್ಲ' ಅಂತ ಬರೆದೆ.

ಸರ್ ಒಳ್ಳೆಯವರು. ಅವರಿಂದ ನಾನು ಕಲಿತದ್ದು ಕಡಿಮೆಯಲ್ಲ. ಯಾವಾಗ ಏನು ತಿನ್ನಬೇಕು, ತೂಕ ಹೇಗೆ ಹಿಡಿತದಲ್ಲಿಡಬೇಕು, ಎದುರಾಳಿಯ ಹಳೆ ಪಂದ್ಯಗಳ ವಿಡಿಯೋ ನೋಡಿ ಅವಳ ಅಭ್ಯಾಸ ಹೇಗೆ ಗುರುತಿಸಬೇಕು, ಪತ್ರಿಕೆಯವರು ಬಂದರೆ ಹೇಗೆ ಮಾತಾಡಬೇಕು. ಕಾಕಾ ನನ್ನನ್ನು ಒಮ್ಮೆಯೂ ಹೊಗಳಿದವರಲ್ಲ. ಸರ್ ದಿನಕ್ಕೆ ಹತ್ತು ಸಲ "ನೀನು ಚಾಂಪಿಯನ್" ಅನ್ನುತ್ತಿದ್ದರು. ಕೇಳಿ ಕೇಳಿ ನನಗೂ ಹಾಗೇ ಅನಿಸತೊಡಗಿತು. ನಾನು ಮುಖ ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡು ಆಡುವುದನ್ನು ಅವರು ಗಮನಿಸಿದ್ದರು. ಅದು ನನ್ನ ಶೈಲಿ ಅಂದುಕೊಂಡು, ಅದಕ್ಕೆ ಹೊಂದುವ ಹಾಗೆ ಹೆಜ್ಜೆ ಕಲಿಸಿದರು. ಅದು ಶೈಲಿಯಲ್ಲ, ಬಲಗಣ್ಣಿನಿಂದ ನೋಡುವ ಉಪಾಯ ಅಂತ ನಾನು ಬಾಯಿ ಬಿಡಲಿಲ್ಲ.

ಒಂದೂವರೆ ವರ್ಷದಲ್ಲಿ ರಾಜ್ಯ ಗೆದ್ದೆ, ಅದರ ಹಿಂದೆಯೇ ರಾಷ್ಟ್ರೀಯ ಚಿನ್ನ. ಕ್ವಾರ್ಟರ್ಸಿನ ಕ್ಲಬ್ಬಿನಲ್ಲಿ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೊದಲ ಸಾಲಿನಲ್ಲಿ ಅಪ್ಪ ಅವ್ವ, ವೇದಿಕೆ ಮೇಲೆ ಸರ್. ನಾಲ್ಕು ಮಾತಾಡಲು ನನ್ನ ಕೈಗೆ ಮೈಕು ಕೊಟ್ಟಾಗ ಹಿಂದಿನ ಸಾಲಿನಲ್ಲಿ, ಕೂಲರ್ ಪಕ್ಕ, ಕಾರ್ಖಾನೆಯ ಅಂಗಿಯಲ್ಲೇ ಕೂತಿದ್ದ ಕಾಕಾ ಕಂಡರು. ಶಿಫ್ಟ್ ಮುಗಿಸಿ ನೇರ ಬಂದಿರಬೇಕು. ಕಣ್ಣಿಗೆ ಕಣ್ಣು ಸೇರಿತು. ಅವರು ಕೈ ಅರ್ಧ ಎತ್ತಿದರು. ನಾನು ಮೈಕಿನ ಕಡೆ ನೋಡಿದೆ. ಅಪ್ಪ, ಅವ್ವ, ಸರ್, ಇವರಿಂದಲೇ ನಾನು ಅಂದೆ. ಕೂತಿದ್ದವರಲ್ಲಿ ಅರ್ಧ ಜನ ನನ್ನನ್ನು ಆ ಶೆಡ್ಡಿನಲ್ಲಿ ಏಳು ವರ್ಷ ನೋಡಿದವರು. ಅವರೂ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ಕೂಲರ್ ಪಕ್ಕದ ಕುರ್ಚಿ ಖಾಲಿಯಾಗಿತ್ತು.

ಅದಾಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಡಗಣ್ಣಿಗೆ ಪಕ್ಕದಿಂದ ಕಪ್ಪು ಪರದೆಯೊಂದು ಸರಿದು ಬಂತು. ಕಣ್ಣು ತೊಳೆದೆ, ಉಜ್ಜಿದೆ, ಪರದೆ ಹೋಗಲಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪೊರೆ ಹರಿದು, ಈಗ ಬಹುಪಾಲು ಕಳಚಿದೆ ಅಂದರು. ಎಷ್ಟು ದಿನದಿಂದ ಚುಕ್ಕೆ ಕಾಣುತ್ತಿದ್ದವು ಅಂತ ಕೇಳಿದರು. ಪಕ್ಕದಲ್ಲಿ ಅಪ್ಪ ನಿಂತಿದ್ದರು. ಮೊದಲ ಸಲ ನಿಜ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆಗಲೇ ಬಂದಿದ್ದರೆ ಲೇಸರಿನಲ್ಲಿ ಅರ್ಧ ಗಂಟೆಯ ಕೆಲಸವಾಗಿತ್ತಲ್ಲಮ್ಮಾ," ಅಂದರು.

ಆಪರೇಷನ್ ಆಯಿತು. ಕಣ್ಣು ಉಳಿಯಿತು, ನೋಟ ಪೂರ್ತಿ ಬರಲಿಲ್ಲ. ಎಡಗಡೆ ಇರುವುದು ನೆರಳಿನ ಹಾಗೆ. ಬಾಕ್ಸಿಂಗ್ ಇಪ್ಪತ್ತೊಂದಕ್ಕೆ ಮುಗಿಯಿತು. ಸರ್ ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತು, "ನಾನು ಕೇಳಿದ್ದೆನಲ್ಲಾ, ಕೇಳಿದ್ದೆನಲ್ಲಾ," ಅಂತ ಅದನ್ನೇ ಅನ್ನುತ್ತಿದ್ದರು. ಅವರ ಮುಖ ನೋಡಲಾಗಲಿಲ್ಲ. ಆಮೇಲೆ ಅವರು ಫಾರ್ಮಿನ ಮೇಲೆ ನಂಬಿಕೆ ಇಡುವುದನ್ನೇ ಬಿಟ್ಟರಂತೆ. ಈಗ ಹೊಸಬರು ಯಾರೇ ಬಂದರೂ ಮೊದಲು ಕಣ್ಣಿನ ಡಾಕ್ಟರ ಚೀಟಿ ತರಬೇಕು.

ಕಾಕಾನ ಮನೆಗೆ ಹೋಗುವ ಧೈರ್ಯ ಬರಲು ಮತ್ತೆ ಒಂದು ವರ್ಷ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ಪಟಾನ್‌ಚೆರು ಬಸ್ಸು ಹತ್ತಿದೆ. ಎರಡು ಕೋಣೆಯ ಬಾಡಿಗೆ ಮನೆ. ಅವರ ಹೆಂಡತಿ ಕಾಕಿ ಬಾಗಿಲು ತೆಗೆದು, ಕೈ ಹಿಡಿದು ಒಳಗೆ ಕರೆದೊಯ್ದರು. ಕಾಕಾ ನೆಲದ ಮೇಲೆ ಕೂತು ಮಿಕ್ಸಿ ರಿಪೇರಿ ಮಾಡುತ್ತಿದ್ದರು.

"ಬಾ ಯವ್ವಾ. ಕಣ್ಣು ಹ್ಯಾಂಗ ಐತಿ ಈಗ?"

ಕೂತೆ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ಕಾಕಾ, ನನಗ ಮೊದಲೇ ಗೊತ್ತಿತ್ರಿ. ಆ ಮ್ಯಾಚಿಗಿಂತ ಮೊದಲೇ ಚುಕ್ಕಿ ಕಾಣ್ತಿದ್ವು," ಅಂದೆ.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ನನಗೂ ಸಂಶೇ ಇತ್ತು. ಎಡಗಡಿಯಿಂದ ಪೆಟ್ಟು ಬಂದ್ರ ನೀ ಕಣ್ಣು ಪಿಳುಕಿಸ್ತಿರಲಿಲ್ಲ. ಕಾಣೋರು ಪಿಳುಕಿಸ್ತಾರ, ಎಷ್ಟ ದೊಡ್ಡ ಆಟಗಾರ ಇದ್ರೂ. ಅವತ್ತ ಮೂರನೇ ಸುತ್ತಿನ್ಯಾಗ ಖಾತ್ರಿ ಆತು."

"ಅವತ್ತೇ ಯಾಕ ಹೇಳಲಿಲ್ರಿ?"

"ಅಷ್ಟ ಮಂದ್ಯಾಗ ಹೇಳಿದ್ರ ನಿಮ್ಮಪ್ಪನ ಕಿವಿಗಿ ಬೀಳ್ತಿತ್ತು, ಬಿಡಿಸಿಬಿಡ್ತಿದ್ದ. ಮರುದಿನ ನೀ ಬಂದಾಗ ಸುಮ್ಮನ ದವಾಖಾನಿಗಿ ಕರಕೊಂಡು ಹೋಗೂಣು ಅಂದುಕೊಂಡಿದ್ನಿ. ನೀ ಬರಲಿಲ್ಲ." ಮಿಕ್ಸಿಯ ಜಾರನ್ನು ಪಕ್ಕಕ್ಕೆ ಸರಿಸಿದರು. "ನಾ ಆದ್ರೂ ನಿಮ್ಮ ಮನಿಗಿ ಬರಬೇಕಿತ್ತು. ನೀ ಅಂದ ಮಾತು ನನಗ ಹತ್ತಿತ್ತು ನೋಡು. ನಾ ದೊಡ್ಡಾಂವ, ನೀ ಕೂಸು, ಆದ್ರೂ ಹತ್ತಿತ್ತು. ತಾನೇ ಬರಲಿ, ತಾನೇ ಬರಲಿ ಅಂತ ಕೂತ್ನಿ. ಆಮ್ಯಾಲ ಪೇಪರಿನ್ಯಾಗ ನಿನ್ನ ಫೋಟೋ ಬಂತು. ಅಷ್ಟ ಚಂದ ಆಡಾಕತ್ಯಾಳಂದ್ರ ನನ್ನ ಕಣ್ಣೇ ತಪ್ಪಿರಬೇಕು ಅಂತ ಮನಸಿಗಿ ಸಮಾಧಾನ ಹೇಳಿಕೊಂಡ್ನಿ."

ಕಾಕಿ ಚಹಾ ತಂದರು, ಒಂದು ತಾಟಿನಲ್ಲಿ ಮಂಡಕ್ಕಿಯ ಸುಸಲಾ. ಇಟ್ಟು ಅಲ್ಲೇ ನಿಂತು, ನನ್ನನ್ನು ನೋಡದೆ, "ಅವತ್ತ ಸನ್ಮಾನಕ್ಕ ಬಂದಿದ್ರು ಇವ್ರು. ಸುಟ್ಟಿ ಕೊಡಲಿಲ್ಲ ಅಂತ ಶಿಫ್ಟಿಂದ ಹಂಗೇ ಬಂದಿದ್ರು," ಅಂದರು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅಂದರು, "ಆಕಿಗಿ ಕಂಡಿರಲಿಕ್ಕಿಲ್ಲ ಬಿಡು. ನಾ ಆಕಿಯ ಎಡಗಡಿ ಕೂತಿದ್ನಿ."

ಅವರು ನಿಜವಾಗಿಯೂ ಹಾಗೆ ತಿಳಿದಿದ್ದರೋ, ನನ್ನ ಮಾನ ಉಳಿಸಲು ಅಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುಖ ನೋಡಿ ತಿಳಿಯುವ ಹಾಗಿರಲಿಲ್ಲ, ಅವರು ಮತ್ತೆ ಮಿಕ್ಸಿಯ ಮೇಲೆ ಬಗ್ಗಿದ್ದರು. ಆ ಗಳಿಗೆಯಲ್ಲಿ ಒಂದು ಮಾತು ಹೇಳಬಹುದಿತ್ತು. ಕಂಡಿರಿ ಕಾಕಾ, ನೀವು ಕೈ ಎತ್ತಿದ್ದೂ ಕಂಡೆ, ನಾನೇ ಮುಖ ತಿರುಗಿಸಿದೆ ಅಂತ. ಅದಕ್ಕೆಂದೇ ಅಲ್ಲವಾ ನಾನು ಅಷ್ಟು ದೂರ ಬಂದದ್ದು? ಆದರೆ ನಾನು ಅಂದದ್ದು ಇಷ್ಟೇ: "ಹೌದ್ರಿ ಕಾಕಾ. ಕಾಣಲಿಲ್ಲ."

"ಮತ್ತೇನು," ಅಂದರು ಕಾಕಾ ಹೆಂಡತಿಯ ಕಡೆ ತಿರುಗಿ, ವಾದ ಗೆದ್ದವರ ಹಾಗೆ.

ಸಂಜೆ ಬಸ್ ಸ್ಟಾಪಿನ ತನಕ ಜೊತೆಗೆ ಬಂದರು. ಹೆದ್ದಾರಿ ದಾಟುವಾಗ ಲಾರಿಗಳು ಬರುವ ಕಡೆಗೆ, ನನ್ನ ಎಡಕ್ಕೆ ತಾವು ನಡೆದರು. ಬಸ್ಸು ಬಂದಾಗ ನಾನು ಕಾಲು ಮುಟ್ಟಲು ಬಗ್ಗಿದೆ, "ಹತ್ತು, ಹತ್ತು, ಸೀಟು ಹೋಗ್ತಾವ," ಅಂತ ಬೆನ್ನು ತಟ್ಟಿ ಹತ್ತಿಸಿದರು.

ಆಮೇಲೆ ಮೂರು ನಾಲ್ಕು ಸಲ ಹೋದೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಅಂತಲೇ ಹೋಗುತ್ತಿದ್ದೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಬೀದರಕ್ಕೆ, ಮಗಳ ಊರಿಗೆ ಹೋದರು. ನಾನು ಈಗ ಹೈದರಾಬಾದಿನಲ್ಲೇ, ತಾರ್ನಾಕದ ಹತ್ತಿರ ಒಂದು ಶಾಲೆಯಲ್ಲಿ ಪಿಟಿ ಟೀಚರ್. ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ, ಕೆಲವು ಸಲ ಅವರೇ ಮಾಡುತ್ತಾರೆ. ಕಿವಿ ಸ್ವಲ್ಪ ಮಂದವಾಗಿದೆ, ಜೋರಾಗಿ ಮಾತಾಡಬೇಕು. ಶಾಲೆಯ ಸ್ಟಾಫ್ ರೂಮಿನಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ ಜೋರಾಗಿ ಹೇಳುವಂಥ ಮಾತಲ್ಲ ಅದು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಹೋದ ವಾರ ಕೇಳಿದರು, "ಸಾಲ್ಯಾಗ ಬಾಕ್ಸಿಂಗ್ ಕಲಸ್ತೀಯೇನು?"

"ಇಲ್ರಿ ಕಾಕಾ. ಖೋಖೋ."

"ಖೋಖೋನೂ ಚಲೋನೇ," ಅಂದರು. ಆಮೇಲೆ ನಮ್ಮಪ್ಪನ ಶುಗರ್ ಈಗ ಎಷ್ಟಿದೆ ಅಂತ ವಿಚಾರಿಸಿದರು.