ಖಳನಿಗೆ ನಾನು ಕೊಟ್ಟ ಕನ್ನಡ

ಹುಮನಾಬಾದಿನ ಟೆಂಟ್ ಟಾಕೀಸಿನಲ್ಲಿ ನಾನು ಮಾಡುತ್ತಿದ್ದ ಕೆಲಸಕ್ಕೆ ಹೆಸರಿರಲಿಲ್ಲ. ಪರದೆಯ ಬಲಗಡೆ ಒಂದು ಡಬ್ಬದ ಮೇಲೆ ನಿಂತು, ಹಿಂದೂಸ್ತಾನಿ ಚಿತ್ರದ ಪಾತ್ರಗಳು ಆಡಿದ ಮಾತನ್ನು ಜನರಿಗೆ ಕನ್ನಡದಲ್ಲಿ ಹೇಳುವುದು. ಪೇಟೆಯವರಿಗೆ ಉರ್ದು ನೀರು ಕುಡಿದಷ್ಟು ಸಲೀಸು. ಘಾಟಬೋರಾಳದಂಥ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದವರಿಗೆ ಮಾತ್ರ ಪರದೆಯ ಮೇಲಿನ ನವಾಬಿ ಉರ್ದು ತಲೆಗೆ ಹತ್ತುತ್ತಿರಲಿಲ್ಲ. ಅವರಿಗಾಗಿ ನಾನು. ನಾಯಕಿಯ ಅಳು, ಮುದುಕನ ಕೆಮ್ಮು, ಸೇನಾಪತಿಯ ಗರ್ಜನೆ, ಎಲ್ಲವೂ ನನ್ನ ಒಂದೇ ಗಂಟಲಿನಿಂದ ಬರಬೇಕು. ಪುಣೆಯ ಸ್ಟುಡಿಯೋ ಒಂದರಲ್ಲಿ ಗುಂಪಿನ ಪಾತ್ರಗಳಲ್ಲಿ ನಿಂತು ಬಂದವನು ನಾನು. ಅಲ್ಲಿ ನನಗೆ ಬಾಯಿ ತೆರೆಯಲು ಯಾರೂ ಬಿಡಲಿಲ್ಲ. ಆ ಸಿಟ್ಟನ್ನೆಲ್ಲ ಇಲ್ಲಿ ತೀರಿಸಿಕೊಂಡೆ.

ಸುಮ್ಮನೆ ನಿಂತು ನೋಡುತ್ತ ಪುಣೆಯಲ್ಲಿ ಒಂದು ಗುಟ್ಟು ಕಲಿತಿದ್ದೆ. ಮಾತು ಬರೆದವನದು, ಮಾತಿನ ನಡುವಿನ ಉಸಿರು ಮಾತ್ರ ನಟನದು. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂದು ಗೊತ್ತಿರುವವನು ಒಲೆ ಹಚ್ಚು ಅಂದರೂ ಜನ ಬೆದರುತ್ತಾರೆ.

ಮಷೀನು ನಡೆಸುತ್ತಿದ್ದವನು ನನ್ನ ಓರಗೆಯ ಗೆಳೆಯ, ಹುಮನಾಬಾದಿನದೇ ಹಳೆಯ ಮುಸಲ್ಮಾನ ಮನೆತನದವನು. ಇದ್ದದ್ದು ಒಂದೇ ಮಷೀನು. ರೀಲು ಮುಗಿದಾಗಲೆಲ್ಲ ಬೇರೆ ರೀಲು ಹಚ್ಚಿ, ಹೊರಗೆ ಬಂದು ಬೀಡಿ ಸೇದುತ್ತ ನನ್ನ ಕಾಲೆಳೆಯುತ್ತಿದ್ದ. ನಿನ್ನ ನಾಯಕಿ ಇವತ್ತು ನೆಗಡಿಯಾದ ಎಮ್ಮೆಯ ಹಂಗ ಅತ್ತಳು ಅನ್ನುತ್ತಿದ್ದ. ಅವನ ನಗು ದೊಡ್ಡದು, ಟೆಂಟಿನ ಆಚೆಗೂ ಕೇಳುತ್ತಿತ್ತು.

ನಲವತ್ತೆಂಟರ ಬೇಸಿಗೆಯಲ್ಲಿ ಒಂದು ಚಿತ್ರ ಬಂತು. ಅದರಲ್ಲಿ ಒಬ್ಬ ಸರದಾರ, ಮಂಡಿಯೂರಿ ಮುಖ ಕೆಳಗೆ ಹಾಕಿದ ರೈತನೊಬ್ಬನನ್ನು ಕೊಲ್ಲುವ ಮುಂಚೆ ಉದ್ದದ್ದೊಂದು ಭಾಷಣ ಬಿಗಿಯುತ್ತಾನೆ. ಅಷ್ಟುದ್ದ ಹೇಳುವ ಹೊತ್ತಿಗೆ ರೈತ ತಾನಾಗಿಯೇ ಸತ್ತಿರುತ್ತಾನೆ ಅನ್ನಿಸಿ ನಾನು ಅದನ್ನು ಕತ್ತರಿಸಿದೆ. "ಮಾರಿ ಎತ್ತು." ಆಮೇಲೆ ಒಂದು ತಡೆ. "ಯಾರ ಕೈಲೆ ಸಾಯಾಕತ್ತೀ, ನೋಡಿ ಸಾಯಿ." ಜನ ಹುಚ್ಚೆದ್ದರು. ಕಲ್ಯಾಣದ ಸಂತೆಯಲ್ಲಿ ಕುರಿ ಕಡಿಯುವವರು ಕುರಿಗೆ ಅದನ್ನೇ ಹೇಳತೊಡಗಿದರು.

ಆ ಮಾತಿಗೆ ದನಿಯನ್ನು ನಾನು ಹತ್ತಿರದಿಂದಲೇ ಎತ್ತಿಕೊಂಡಿದ್ದೆ. ನಿಜಾಮರ ರಾಜ್ಯ ಉಳಿಸುತ್ತೇವೆಂದು ಬಂದೂಕು ಹಿಡಿದವರ ದಂಡುಗಳು ಆಗ ಊರೂರು ತಿರುಗುತ್ತಿದ್ದವು. ಬಣವೆಗೆ ಬೆಂಕಿ ಇಡುವುದು, ಗಂಡಸರನ್ನು ಬೀದಿಗೆಳೆದು ಬಡಿಯುವುದು, ಬೇಕಾದದ್ದನ್ನು ಹೊತ್ತೊಯ್ಯುವುದು. ನಮ್ಮ ಕಡೆಯ ದಂಡಿನ ಮುಖಂಡ ಯಾವಾಗಲೂ ರುಮಾಲಿನ ಸೆರಗನ್ನು ಮೂಗಿನ ತನಕ ಸುತ್ತಿಕೊಂಡೇ ಬರುತ್ತಿದ್ದ. ಅವನ ಮುಖ ಕಂಡವರಿಲ್ಲ, ದನಿ ಎಲ್ಲರಿಗೂ ಗೊತ್ತು. ಎಂದೂ ಎತ್ತರಿಸದ ದನಿ. ಕೊನೆಯ ಮಾತಿಗೆ ಮೊದಲು ಮೂಗಿನಿಂದ ಸಣ್ಣಗೆ ಉಸಿರೆಳೆಯುತ್ತಿದ್ದ. ನಾನು ಆ ಉಸಿರನ್ನು ಸರದಾರನಿಗೆ ಕೊಟ್ಟೆ. ಜನ ಗುರುತು ಹಿಡಿದು ನಕ್ಕರು. ಅವರಿಗೆ ಆ ದಿನಗಳಲ್ಲಿ ನಗಲು ಬೇರೇನೂ ಇರಲಿಲ್ಲ.

ಒಂದು ಸಂಜೆ ಮೊದಲ ಆಟಕ್ಕೆ ಆ ಮುಖಂಡ ತನ್ನವರೊಂದಿಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂತ. ಆ ದೃಶ್ಯ ಬಂದಾಗ ಮಾತನ್ನು ಸಪ್ಪಗೆ, ಶಾಲೆಯ ಪಾಠ ಓದಿದಂತೆ ಒದರಿಬಿಟ್ಟೆ. ಹಿಂದೆ ಮಷೀನಿನ ಹತ್ತಿರದಿಂದ ನನ್ನ ಗೆಳೆಯ ನಕ್ಕ. ಮುಂದಿನ ಕುರ್ಚಿ ಅವನಿಗೆ ಕಾಣುತ್ತಿರಲಿಲ್ಲ, ನಾನು ಕೆಟ್ಟದಾಗಿ ಹೇಳಿದೆನೆಂದು ನಕ್ಕನಷ್ಟೇ. ಸಂತೆಯ ಅಣಕ ಅವನ ಕಿವಿಗೂ ಬಿದ್ದಿರಬೇಕು, ನಗು ತನ್ನ ಮೇಲೇ ಎಂದುಕೊಂಡು ಮುಖಂಡ ಎದ್ದು ಹಿಂದಕ್ಕೆ ನಡೆದ. ಗೆಳೆಯನನ್ನು ಕೂದಲು ಹಿಡಿದು ಎಳೆದು ಮಂಡಿಯೂರಿಸಿದರು. ಟೆಂಟಿನ ತುಂಬ ಜನ ನೋಡುತ್ತಿದ್ದರು. ಆಗ ಆ ತಣ್ಣನೆಯ ದನಿ ನನ್ನ ಮಾತನ್ನೇ ಹೇಳಿತು, ನನ್ನ ಕನ್ನಡವನ್ನೇ, ತಡೆ ತಪ್ಪದೆ. ಗುಂಡು ಗೆಳೆಯನ ದವಡೆಯನ್ನು ಒಡೆದುಕೊಂಡು ಹೋಯಿತು. ಮಷೀನು ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಲು ನನಗೆ ಬರುತ್ತಿರಲಿಲ್ಲ. ಪರದೆಯ ಮೇಲೆ ಹಾಡು ಶುರುವಾಯಿತು. ಅವನ ರಕ್ತ ನನ್ನ ಅಂಗಿಗೆ ಅಂಟಿ ಒಣಗುವ ತನಕ ಅವನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಆ ಮುಖಂಡನನ್ನು ಕೊಂದೇ ಸಾಯಬೇಕು ಅನ್ನಿಸಿತು. ಇವತ್ತಿಗೂ ಅದರ ಬಗ್ಗೆ ನನಗೆ ನಾಚಿಕೆಯಿಲ್ಲ.

ಮಳೆಗಾಲದ ಕೊನೆಗೆ ದಿಲ್ಲಿಯ ಸೈನ್ಯ ಬಂತು. ದಂಡುಗಳು ಬಂದೂಕು ಎಸೆದು ಕರಗಿಹೋದವು. ಆಮೇಲೆ ಕೈ ಬದಲಾಯಿತು, ಕೆಲಸ ಅದೇ. ಈಗ ಬೆಂಕಿ ಬಿದ್ದದ್ದು ಮುಸಲ್ಮಾನರ ಓಣಿಗಳಿಗೆ. ಬಂದೂಕನ್ನು ಕಣ್ಣಿಂದಲೂ ನೋಡದವರನ್ನು ಮನೆಯಿಂದೆಳೆದು ಕಡಿದರು. ಗೆಳೆಯನ ತಾಯಿಯನ್ನು ನೆರೆಮನೆಯವರು ಜೋಳದ ಕೋಣೆಯಲ್ಲಿ ಬಚ್ಚಿಟ್ಟರು.

ಆ ದಿನಗಳಲ್ಲಿ ನಾನು ಕಲ್ಯಾಣದಲ್ಲಿದ್ದೆ. ಒಂದು ಮಧ್ಯಾಹ್ನ ಊರಿನ ಕೆಲವರು ಬಂದು ನನ್ನನ್ನು ಎಬ್ಬಿಸಿಕೊಂಡು ಹೋದರು. ನಾರಾಯಣಪುರದ ದಾರಿಯಲ್ಲಿ ಒಬ್ಬ ಸಿಕ್ಕಿದ್ದಾನೆ, ಆ ಮುಖಂಡನೇ ಇರಬೇಕು, ನೀವು ದನಿ ಗುರುತಿಸಬೇಕು ಅಂದರು. ಓಡುತ್ತಲೇ ಹೋದೆ.

ಬಾವಿಯ ಪಕ್ಕ ಒಬ್ಬನನ್ನು ಕೂರಿಸಿದ್ದರು. ಎತ್ತರ, ಮೈಕಟ್ಟು ಹೊಂದುತ್ತಿತ್ತು. ತಾನು ಗಾದಿಗೆ ಹತ್ತಿ ತುಂಬುವವನು, ಬೇರೆ ತಾಲೂಕಿನವನು ಎಂದು ಗೋಗರೆಯುತ್ತಿದ್ದ. ಹುಬ್ಬಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಹತ್ತಿಯನ್ನು ಯಾರು ಬೇಕಾದರೂ ಮೆತ್ತಿಕೊಳ್ಳಬಹುದು ಅಂದರು ಜನ. ಕೊಡಲಿಯ ಕಾವು ಹಿಡಿದವನೊಬ್ಬ ಅವನಿಗೆ ಸರದಾರನ ಆ ಮಾತು ಹೇಳಲು ಹೇಳಿದ.

ಅವನು ತಡೆಯಿಲ್ಲದೆ, ಒಂದೇ ಉಸಿರಿಗೆ, ಅಳುತ್ತ ಹೇಳಿದ. ನಾನು ಕಿವಿಗೊಟ್ಟೆ. ಹೆದರಿದ ದನಿ ಯಾರದೂ ಆಗಿರಬಹುದು. ತಿಳಿಯಲೊಲ್ಲದು ಅಂದೆ. ಇನ್ನೊಮ್ಮೆ ಹೇಳಿಸೋಣ ಅಂದರು. ಕಾವು ಅವನ ಹೆಗಲ ಮೇಲೆ ಬಿತ್ತು, ಎಲುಬು ಮುರಿದದ್ದು ಕೇಳಿಸಿತು.

"ಹೀಂಗಲ್ಲೋ. ಮಾರಿ ಎತ್ತು ಅಂದ ಮ್ಯಾಲ ಸ್ವಲ್ಪ ನಿಂದ್ರಬೇಕು," ಅಂದ ಹೊಡೆದವನು.

ತಾನೇ ಹೇಳಿ ತೋರಿಸಿದ, ಚೆನ್ನಾಗಿಯೇ ಹೇಳಿದ. ಇನ್ನೊಬ್ಬ ಮುಂದೆ ಬಂದು ದನಿ ಇಳಿಸಬೇಕು ಎಂದು ಪಕ್ಕೆಗೆ ಒದ್ದು ಕಲಿಸಿದ. ಮತ್ತೊಬ್ಬ ಮೂಗಿನ ಉಸಿರನ್ನು ಹೇಳಿಕೊಟ್ಟ. ಎಲ್ಲರಿಗೂ ಬರುತ್ತಿತ್ತು. ಟೆಂಟಿನಲ್ಲಿ ನನ್ನೆದುರು ಕೂತು ಕಲಿತವರು ಅವರೆಲ್ಲ. ಅವನು ಹೇಳುತ್ತಲೇ ಹೋದ, ಅವರು ತಿದ್ದುತ್ತಲೇ ಹೋದರು. ಪಕ್ಕೆಲುಬು ಮುರಿದದ್ದರಿಂದ ದನಿ ತಾನಾಗಿಯೇ ತಗ್ಗಿತು. ಬಾಯಿ ರಕ್ತದಿಂದ ತುಂಬಿದ್ದರಿಂದ ಉಸಿರನ್ನು ಮೂಗಿನಿಂದಲೇ ಎಳೆಯಬೇಕಾಯಿತು. ಕೊನೆಗೊಮ್ಮೆ ಅವನು ಅದನ್ನು ಮುಖಂಡ ಹೇಳಿದಂತೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೇಳಿದ.

"ಈಗ ಹೇಳ್ರಿ. ಇಂವನೇ ಹೌದಲ್ಲ?" ಅಂದ ಕಾವಿನವನು.

"ಇದು ನಿಮ್ಮ ದನಿ," ಅಂದೆ. "ಈಗ ನೀವೇ ಕಲಿಸೀರಿ ಅವಂಗ. ಬಿಡ್ರಿ ಅವನ್ನ."

ಕಾವು ನನ್ನ ಬಾಯಿಗೆ ಬಿತ್ತು. ಮುಂದಿನ ಹಲ್ಲುಗಳು ಅಂಗೈಗೆ ಬಂದವು. ನಾನು ಬಿದ್ದಲ್ಲಿಂದ ಎದ್ದು ಕೂರುವ ಹೊತ್ತಿಗೆ ಅವನ ತಲೆಯನ್ನು ಬಾವಿಯ ಕಟ್ಟೆಗೆ ಅಪ್ಪಳಿಸಿ ಒಳಗೆ ದೂಡಿದ್ದರು. ಮೇಲಿಂದ ಕಲ್ಲು ಹಾಕುತ್ತಿದ್ದರು. ಬೈಯಲು ಬಾಯಿ ತೆರೆದೆ, ರಕ್ತವಷ್ಟೇ ಬಂತು.

ಮುಖದ ಬಾವು ಇಳಿದ ಮೇಲೆ ಹುಮನಾಬಾದಿಗೆ ಹೋದೆ. ಗೆಳೆಯನ ತಾಯಿ ತನ್ನ ಮನೆಗೆ ಮರಳಿದ್ದಳು. ಅರ್ಧ ಸುಟ್ಟ ಮಾಡಿನ ಕೆಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಮಗನನ್ನು ಕೊಂದವನು ಸಿಕ್ಕಿ ಸತ್ತನೆಂದು ನೆರೆಯವರು ಅವಳಿಗೆ ಆಗಲೇ ಹೇಳಿದ್ದರು. ಆ ಸುದ್ದಿ ಕೇಳಿದ ದಿನವೇ ಮೊದಲ ಸಲ ನಿದ್ದೆ ಬಂತು ಅಂದಳು. ನನ್ನಿಂದ ಅವಳಿಗೆ ಒಂದು ಹೌದು ಬೇಕಾಗಿತ್ತು. ಕೊಟ್ಟುಬಿಡೋಣ ಅನ್ನಿಸಿತು. ಈ ಮುದುಕಿಗೆ ಇನ್ನೇನು ಉಳಿದಿದೆ, ನಿದ್ದೆಯಾದರೂ ಉಳಿಯಲಿ ಎಂದು.

"ಅವಂದೇ ದನಿ ಇತ್ತಾ, ಬೇಟಾ?" ಎಂದು ಕೇಳಿದಳು.

ನನಗೆ ಸುಳ್ಳು ಹೇಳಲು ಆಗಲಿಲ್ಲ. ಅಲ್ಲ ಅನ್ನಿಸ್ತದ ಅಮ್ಮಾ, ಅವ ಗಾದಿ ಮಾಡಾಂವ ಇರಬೇಕು ಅಂದೆ.

ರೊಟ್ಟಿ ಬಡಿಯುವ ಕೈ ನಿಂತಿತು. ಅವಳು ಸಿಟ್ಟಾಗುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಕಾದೆ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು, ಅವಳು ಅದನ್ನು ನೋಡಲಿಲ್ಲ.

"ಹಂಗಿದ್ರ ಆ ಪೋರ ಯಾರ ಮಗ?" ಅಂದಳು. "ಅವನ ತಾಯಿಗೆ ಯಾರು ಹೇಳ್ಯಾರ?"

ಬಾವಿಯ ಹತ್ತಿರ ಅಷ್ಟು ಹೊತ್ತು ಅವನನ್ನು ಮಾತಾಡಿಸಿದೆವು, ಅವನ ಹೆಸರನ್ನು ಯಾರೂ ಕೇಳಿರಲಿಲ್ಲ.